ಗಳದ ಕೆಳಗಿನ ಬ್ಯಾಟರಿ

ಯಡಿಯೂರು ಕೆರೆಯ ಕಡೆಯಿಂದ ಮಂಜು ನುಗ್ಗುವ ಧನುರ್ಮಾಸ ಬಂತೆಂದರೆ ಗೌರೀಶಂಕರನ ಮೋಟಾರ್ ಸೈಕಲ್ಲಿಗೆ ನೆಗಡಿ. ಹಾಗೆಂದು ಅವನೇ ಹೇಳುತ್ತಿದ್ದ. ಹೊಸದಾಗಿ ಏಳುತ್ತಿದ್ದ ಜಯನಗರದ ಆ ಬೀದಿಯಲ್ಲಿ ಮೋಟಾರ್ ಸೈಕಲ್ ಇದ್ದದ್ದು ಅವನೊಬ್ಬನಿಗೇ. ಬೆಳಿಗ್ಗೆ ಅದು ಸ್ಟಾರ್ಟ್ ಆಗದಿದ್ದರೆ ಮಾನ ಹೋಗುವುದೂ ಅವನೊಬ್ಬನದೇ. ಆದ್ದರಿಂದ ಆಫೀಸಿನಿಂದ ಬಂದವನು ಮೊದಲು ಬ್ಯಾಟರಿ ಬಿಚ್ಚಿ ಕೂಸಿನಂತೆ ಒಳಗೆ ಎತ್ತಿ ತರುತ್ತಿದ್ದ. ನಡುಮನೆಯ ಮೂಲೆಯ ಸ್ಟೂಲಿನ ಮೇಲಿಟ್ಟು, ಡಿಸ್ಟಿಲ್ಡ್ ವಾಟರ್ ಹುಯ್ದು, ಚಾರ್ಜರಿನ ತಂತಿ ಸಿಕ್ಕಿಸಿ, ಗ್ಯಾಸ್ ಹೋಗಲೆಂದು ಮೂರೂ ಬಿರಡೆ ತೆಗೆದು, ಸುತ್ತ ಕಂಬಳಿ ಹೊದಿಸುತ್ತಿದ್ದ. ಆ ಕಂಬಳಿ ತಂಗಿ ಸೀತಾಲಕ್ಷ್ಮಿಯದು. ಅವಳು ಹಳೆ ಸೀರೆ ಹೊದ್ದು ಚಾಪೆಯ ಮೇಲೆ ಮುದುರಿಕೊಳ್ಳುತ್ತಿದ್ದಳು. ಹೇಳುವಾಗಲೇ ಮೈ ಉರಿಯುತ್ತದೆ. ಆ ಮನೆಯಲ್ಲಿ ಮಾತ್ರ ಯಾರಿಗೂ ಏನೂ ಅನ್ನಿಸಲಿಲ್ಲ.

ಅವನ ಹೆಂಡತಿ ಚೂಡಾಮಣಿಗೆ ಚಳಿಯೆಂದರೆ ಆಗದು. ಧನುರ್ಮಾಸದಲ್ಲಿ ಬೆಳಕು ಹರಿಯುವ ಮುಂಚೆ ಮಿಂದು, ಮಡಿಯುಟ್ಟು, ದೇವರಿಗೆ ಹುಗ್ಗಿ ಬೇಯಿಸಬೇಕು. ಅದಕ್ಕೆ ನಾದಿನಿ ಇದ್ದಳಲ್ಲ. ಕುಜದೋಷವೆಂದು ಮದುವೆಯಾಗದೆ ಉಳಿದ ಸೀತಾಲಕ್ಷ್ಮಿ ಆ ಮನೆಯ ಅಡುಗೆಯವಳೂ ಹೌದು, ಆಳೂ ಹೌದು. ಅಂಥವಳು ಈ ವರ್ಷ, ಎಂದೋ ಪಾಸು ಮಾಡಿದ್ದ ಟೀಚರ್ ಟ್ರೇನಿಂಗನ್ನು ನೆಚ್ಚಿಕೊಂಡು ಹತ್ತಿರದ ಹೆಣ್ಣುಮಕ್ಕಳ ಶಾಲೆಗೆ ಅರ್ಜಿ ಹಾಕಿದಳು. ಇಂಟರ್‌ವ್ಯೂಗೆ ಕರೆಯೂ ಬಂತು.

"ಕೆಲ್ಸ ಸಿಕ್ಕಿದ್ರೆ ತಿಲಕ್ ನಗರದಲ್ಲಿ ಸ್ನೇಹಿತೆ ಜೊತೆ ರೂಮು ಮಾಡ್ಕೋತೀನಿ ಅತ್ತಿಗೆ," ಎಂದಳು.

"ಒಳ್ಳೇದಾಯ್ತು ಬಿಡು," ಎಂದಳು ಚೂಡಾಮಣಿ. ಒಳಗೊಳಗೇ ಲೆಕ್ಕ ಹಾಕಿದಳು. ಇನ್ನು ಮುಂದೆ ಆ ತಣ್ಣನೆಯ ಬಚ್ಚಲಿಗೆ ಇಳಿಯಬೇಕಾದವಳು ತಾನೇ.

ಸೀತಾಲಕ್ಷ್ಮಿಗೆ ಒಳ್ಳೆಯದೆಂಬುದು ಇದ್ದದ್ದು ಒಂದೇ ಸೀರೆ, ನೀಲಿ ಅಂಚಿನ ನೂಲಿನದು. ದೇವರ ಪೂಜೆಗೆ ಉಟ್ಟ ಸೀರೆಯಲ್ಲೇ ಇಂಟರ್‌ವ್ಯೂಗೆ ಹೋಗಬೇಕೆಂಬುದು ಅವಳ ಆಸೆ. ಹಿಂದಿನ ದಿನ ಮಡಿಯಲ್ಲಿ ಒಗೆದು, ನಡುಮನೆಯ ಸೂರಿನಡಿ, ಮೂಲೆಯ ಸ್ಟೂಲಿನ ನೇರಕ್ಕೆ ಕಟ್ಟಿದ್ದ ಬಿದಿರ ಗಳದ ಮೇಲೆ ಕೋಲಿನಿಂದ ಹರವಿದಳು.

ಮುಂಜಾನೆ ಚೂಡಾಮಣಿ ನೀರು ಕುಡಿಯಲು ಎದ್ದು ಬಂದಳು. ಬಚ್ಚಲಲ್ಲಿ ಸೀತಾಲಕ್ಷ್ಮಿ ಚೊಂಬು ಚೊಂಬು ನೀರು ಸುರಿದುಕೊಳ್ಳುವ ಸದ್ದು. ದೀಪ ಹಾಕಿ ನೋಡಿದರೆ, ಸೀರೆ ಗಳದಿಂದ ಜಾರಿ ಸೆರಗು ಬ್ಯಾಟರಿಯ ಮೇಲೆ ಬಿದ್ದಿದೆ. ತುದಿ ನಡುವಿನ ತೂತಿನೊಳಗೇ ಇಳಿದಿದೆ. ಆ್ಯಸಿಡ್ ತಾಗಿದ ಬಟ್ಟೆಯ ಗತಿ ಏನೆಂದು ಅವಳಿಗೆ ಗೊತ್ತಿತ್ತು. ಗಂಡನ ಪಂಚೆಯೊಂದು ಹಾಗೇ ಜರಡಿಯಾಗಿತ್ತು. ಕೈ ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ನೆನಪಾಯಿತು: ಇನ್ನೂ ಮಿಂದಿಲ್ಲ, ಮೈಲಿಗೆಯಲ್ಲಿದ್ದೇನೆ, ಮಡಿ ಬಟ್ಟೆ ಮುಟ್ಟುವಂತಿಲ್ಲ. ಎಂಥ ಒಳ್ಳೆಯ ಹೊತ್ತಿನಲ್ಲಿ ನೆನಪಾಯಿತು! ಅವಳು ದೀಪ ಆರಿಸಿ, ಹೋಗಿ ರಜಾಯಿಯೊಳಗೆ ಸೇರಿಕೊಂಡಳು. ಬೆಚ್ಚಗಿತ್ತು.

ಸೀತಾಲಕ್ಷ್ಮಿ ಕತ್ತಲಲ್ಲೇ ಬಂದು ಕೋಲಿನಿಂದ ಸೀರೆ ಎಳೆದುಕೊಂಡಳು. ಸೆರಗು ತೇವವಿತ್ತು, ಚಳಿಗೆ ಒಣಗಿಲ್ಲ ಎಂದುಕೊಂಡು ಉಟ್ಟಳು. ಪೂಜೆ, ಹುಗ್ಗಿ, ಎಲ್ಲರ ಕಾಫಿ ತಿಂಡಿ ಮುಗಿಸಿ ಹೊರಟಾಗ, ಶಾಲೆಯವರೆಗೆ ಬಿಡ್ತೀಯಾ ಎಂದು ಅಣ್ಣನನ್ನು ಕೇಳಿದಳು.

"ಚಳೀಲಿ ಇಬ್ಬರು ಕೂತ್ರೆ ಬ್ಯಾಟರಿಗೆ ಲೋಡ್ ಆಗುತ್ತೆ ಕಣೆ. ನಡ್ಕೊಂಡು ಹೋಗು," ಎಂದ ಗೌರೀಶಂಕರ.

ಸಂಜೆ ಅವಳು ಹಿಂತಿರುಗಿದಾಗ ಮೈಮೇಲೆ ಶಾಲೆಯ ಆಯಾ ಕೊಟ್ಟ ಟವೆಲ್ ಇತ್ತು. ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಉತ್ತರ ಹೇಳಿದ್ದಳಂತೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದ್ದೇ ಸೆರಗು ಹೆಗಲ ಮೇಲೆ ಹರಿದು ಚೂರುಚೂರಾಗಿ ಉದುರಿತು. ಕುಳಿತಿದ್ದ ಗಂಡಸರು ತಲೆ ತಗ್ಗಿಸಿದರು. ಹೆಡ್‌ಮಿಸ್ಟ್ರೆಸ್ ಮಾತ್ರ, "ಉಟ್ಟ ಬಟ್ಟೆ ಮೇಲೇ ಗಮನ ಇಲ್ಲದೋರು ಮಕ್ಕಳನ್ನೇನು ನೋಡ್ಕೋತೀರಿ?" ಎಂದು ಬಾಗಿಲು ತೋರಿಸಿದರು.

"ಹೇಗೆ ಹರೀತೋ ಗೊತ್ತಾಗ್ತಿಲ್ಲ," ಎಂದು ಸೀತಾಲಕ್ಷ್ಮಿ ಬಿಕ್ಕಿದಳು.

ಮೂಲೆಯಲ್ಲಿ ಬ್ಯಾಟರಿಯ ಮೇಲೆ ಬಗ್ಗಿದ್ದ ಗೌರೀಶಂಕರ ಸಿಡಿದೆದ್ದ. "ನಡುವಿನ ಸೆಲ್ಲಲ್ಲಿ ಆ್ಯಸಿಡ್ ಇಳಿದುಬಿಟ್ಟಿದೆ! ನಿನ್ನ ಸೀರೆ ಕುಡಿದಿದೆ ಅಂತ ಕಾಣುತ್ತೆ. ಬ್ಯಾಟರಿ ಮೇಲೆ ಯಾಕೆ ಹಾಕ್ದೆ? ಕಣ್ಣು ಕಾಣಿಸಲ್ವಾ?"

"ಬೈಬೇಡಿ ಪಾಪ," ಎಂದಳು ಚೂಡಾಮಣಿ, ಮನಸ್ಸು ಹಗುರಾಗಿದ್ದ ಭರದಲ್ಲಿ. "ಅದಾಗೇ ಜಾರಿ ಬಿದ್ದಿತ್ತು. ಎತ್ತೋಣ ಅಂದ್ರೆ ನಾನಿನ್ನೂ ಮಿಂದಿರಲಿಲ್ಲ. ಮಡಿ ಸೀರೆ, ಮುಟ್ಟೋ ಹಾಗಿರಲಿಲ್ಲ."

ಸೀತಾಲಕ್ಷ್ಮಿಯ ಅಳು ನಿಂತಿತು. ಅತ್ತಿಗೆಯ ಮುಖವನ್ನೇ ನೋಡಿದಳು.

"ಬಾಯಲ್ಲಿ ಹೇಳೋಕೂ ಮಡಿ ಅಡ್ಡ ಬಂತಾ ಅತ್ತಿಗೆ?"

ಚೂಡಾಮಣಿ ಗಂಡನ ಕಡೆ ನೋಡಿದಳು. ಅವನು ತೂತಿನೊಳಗೆ ಟಾರ್ಚ್ ಬಿಟ್ಟುಕೊಂಡು, "ಸದ್ಯ, ಪ್ಲೇಟು ಕೆಟ್ಟಿಲ್ಲ," ಎಂದ. ಅವಳು ಮತ್ತೆ ನಾದಿನಿಯ ಕಡೆ ತಿರುಗಿ, ರಾತ್ರಿಗೆ ಏನು ಸಾರು ಮಾಡುತ್ತೀಯೆ ಎಂದು ಕೇಳಿದಳು.