ತವರಿನ ಹೆಸರು

ಮೇಹ್ಯೂ ಮನೆತನದಲ್ಲಿ ಚೊಚ್ಚಲ ಮಗುವಿಗೆ ತಾಯಿಯ ತವರಿನ ಹೆಸರನ್ನೇ ಇಡಬೇಕು. ಗಂಡಾಗಲಿ ಹೆಣ್ಣಾಗಲಿ, ತಾಯಿ ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಬಿಟ್ಟು ಬಂದ ಮನೆತನದ ಹೆಸರು ಮಗುವಿನ ಹೆಸರಾಗಿ ಮನೆ ಸೇರಬೇಕು. ದಕ್ಷಿಣ ಕೆರೊಲಿನಾದ ಆ ಸೀಮೆಯಲ್ಲಿ ಇದೇನೂ ಹೊಸದಲ್ಲ. ಮನೆಯ ಯಜಮಾನಿ ಯೂಲಾಲಿ ಟಾಲಿವರ್ ಮನೆತನದ ಹೆಣ್ಣು. ಆದ್ದರಿಂದ ಮಗ ಟಾಲಿವರ್ ಮೇಹ್ಯೂ. ಈ ಪದ್ಧತಿಯ ದೊಡ್ಡಸ್ತಿಕೆಯನ್ನು ಆಕೆ ಹೇಳಿ ಹೇಳಿ ಊರಿನವರ ಕಿವಿ ತೂತು ಬಿದ್ದಿತ್ತು.

ಈಗ ಸೊಸೆ ರೋಂಡಾ ಬಸುರಿ. ಅವಳ ತವರಿನ ಹೆಸರು ಬೂಝರ್.

ಅಲ್ಲಿಯ ಮಾತಿನಲ್ಲಿ ಬೂಝರ್ ಎಂದರೆ ಕುಡುಕ. ಜರ್ಮನಿಯಿಂದ ಬಂದ ಯಾವನೋ ಹಿರಿಯನ ಹೆಸರು ಜನರ ಬಾಯಿಗೆ ಬಿದ್ದು ಹಾಗಾಗಿತ್ತು, ಅಷ್ಟೆ. ಆ ಮನೆಯಲ್ಲಿ ಬಿಯರ್ ಮುಟ್ಟಿದವರು ಸಹ ಇರಲಿಲ್ಲ. ರೋಂಡಾಳ ಅಪ್ಪ ಓಡೆಲ್ ಶಾಲೆಯ ಬಸ್ಸು ಓಡಿಸುತ್ತಿದ್ದವನು. ಕುಡುಕ ಎಂಬ ಹೆಸರು ಹೊತ್ತು ಮಕ್ಕಳ ಬಸ್ಸು ಓಡಿಸುವ ಪಾಡು ಶತ್ರುವಿಗೂ ಬೇಡ. ಊರಿಗೆ ಹೊಸದಾಗಿ ಬಂದ ತಾಯಂದಿರು ಚಾಲಕನ ಹೆಸರು ಕೇಳಿ ಗಾಬರಿಯಾಗಿ ಶಾಲೆಗೆ ಫೋನು ಮಾಡುತ್ತಿದ್ದರು. ಹಿಂದಿನ ಸೀಟಿನ ಹುಡುಗರು ತಿರುವು ಬಂದಾಗಲೆಲ್ಲ "ಬೂಝರ್, ಬೂಝರ್" ಎಂದು ಕೂಗುತ್ತ ಬೇಕೆಂದೇ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಆತ ಅಂಗಿಯ ಜೇಬಿನ ಮೇಲೆ ಹೊಲಿದಿದ್ದ ಹೆಸರನ್ನು ಬ್ಲೇಡಿನಿಂದ ಬಿಚ್ಚಿ ಹಾಕಿದ್ದ. ಮರ್ಯಾದಸ್ಥರು ಕರುಣೆ ತೋರಿ 'ಮಿಸ್ಟರ್ ಓಡೆಲ್' ಎನ್ನುತ್ತಿದ್ದರು. ಯೂಲಾಲಿಯೂ ಬೀಗರ ಆ ಹೆಸರನ್ನು ಬಾಯಿಂದ ಆಡಿದವಳಲ್ಲ.

ಒಂದು ಭಾನುವಾರ ಚರ್ಚು ಮುಗಿಸಿ ಓಡೆಲ್ ಸಮೇತ ಎಲ್ಲರೂ ಮೇಹ್ಯೂ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಜೋಳದ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಯೂಲಾಲಿ ಮಾತು ತೆಗೆದಳು.

"ನೋಡು ರೋಂಡಾ, ತವರಿನ ಹೆಸರು ಅಂದ್ರೆ ಅಪ್ಪನ ಕಡೇದೇ ಆಗ್ಬೇಕು ಅಂತೇನಿಲ್ಲ. ನಿಮ್ಮಮ್ಮನ ತವರು ವಿಟ್ಲೋ ಅಲ್ವಾ? ವಿಟ್ಲೋ ಮೇಹ್ಯೂ. ಆಹಾ, ಎಷ್ಟು ಲಕ್ಷಣವಾಗಿದೆ!"

"ನಿಮ್ಮ ಮೈದುನನ ಮೊಮ್ಮಗನಿಗೆ 'ಹಾಗ್' ಅಂತ ಇಡ್ಸಿದ್ದು ನೀವೇ ಅಲ್ವಾ ಅತ್ತೆ? ಅವನಮ್ಮನ ತವರು ಅದು ಅಂತ. ಹಾಗ್ ಅಂದ್ರೆ ಹಂದಿ. ಹಂದಿ ಆಗತ್ತೆ, ಕುಡುಕ ಆಗಲ್ವಾ?"

"ಹಂದಿ ಚರ್ಚಿಗೆ ಬಂದ್ರೆ ಯಾರೂ ಬಾಯಿ ಮೂಸಿ ನೋಡಲ್ಲ ಕಣೇ."

ಟಾಲಿವರ್‌ಗೆ ನಗು ಬಂತು. ತಾಯಿ, ಹೆಂಡತಿ ಇಬ್ಬರೂ ದುರುಗುಟ್ಟಿದ್ದು ನೋಡಿ ತಲೆ ತಗ್ಗಿಸಿ ಅವರೆಕಾಳು ಎಣಿಸುವವನ ಹಾಗೆ ಕೂತ. ಅಪ್ಪ ತನ್ನ ಪರ ನಿಲ್ಲುತ್ತಾನೆಂದು ರೋಂಡಾ ಅವನ ಕಡೆ ನೋಡಿದಳು.

"ವಿಟ್ಲೋನೇ ಇರ್ಲಿ ಮಿಸ್ ಯೂಲಾಲಿ," ಎಂದ ಓಡೆಲ್, ಹಿರಿಯ ಹೆಂಗಸರನ್ನು ಮಿಸ್ ಎನ್ನುವ ಆ ಸೀಮೆಯ ಮರ್ಯಾದೆಯಲ್ಲಿ. "ನಮ್ಮದಂತೂ ಬೇಡವೇ ಬೇಡ."

ರೋಂಡಾ ತಟ್ಟೆ ಪಕ್ಕಕ್ಕೆ ಸರಿಸಿದಳು. ಅತ್ತೆಯ ಜೊತೆ ಜಗಳಕ್ಕೆ ಅವಳು ಸೊಂಟ ಕಟ್ಟಿ ಬಂದಿದ್ದಳು; ಅಪ್ಪನೇ ಕೈ ಬಿಡುತ್ತಾನೆಂದು ಕನಸಲ್ಲೂ ಅಂದುಕೊಂಡಿರಲಿಲ್ಲ. ಊಟವಾದ ಮೇಲೆ ಅವನ ಹಿಂದೆಯೇ ಜಗಲಿಗೆ ಹೋದಳು.

"ಅಪ್ಪ, ಬೂಝರ್ ಅಂತ ಇಡ್ಬೇಕು ಅಂದಿದ್ದಕ್ಕೆ ನಿಂಗೆ ಒಂಚೂರೂ ಖುಷಿ ಆಗ್ಲಿಲ್ವಾ?"

ಓಡೆಲ್ ಜಗಲಿಯ ಕಂಬಕ್ಕೆ ಒರಗಿದ. "ಪುಟ್ಟಿ, ನೀನು ಹುಟ್ಟಿದಾಗ ನರ್ಸು ಹೊರಗೆ ಬಂದು ಹೆಣ್ಣು ಅಂದ್ಳು. ದೇವರು ದೊಡ್ಡೋನು ಅಂದೆ. ಇವಳು ಮದುವೆ ಆಗಿ ಹೆಸರು ಕಳ್ಕೊಂಡು ಹೋಗ್ತಾಳೆ, ಈ ಪೀಡೆ ನನ್ನ ಜೊತೆನೇ ಮಣ್ಣಾಗತ್ತೆ ಅಂತ. ಈಗ ನೀನು ಅದನ್ನ ಅಗೆದು ತೆಗೀತೀನಿ ಅಂತೀಯಲ್ಲ."

ರೋಂಡಾಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಹಾಗಾದ್ರೆ ಮದುವೆ ಆಗೋವರೆಗೂ ನಾನು ಪೀಡೆ ಹೊತ್ಕೊಂಡು ತಿರುಗ್ತಿದ್ನಾ? ನಂಗೆ ಹಾಗನ್ನಿಸ್ಲೇ ಇಲ್ವಲ್ಲ! ದಿನಾ ನಿನ್ನ ಬಸ್ಸಲ್ಲಿ ಮುಂದಿನ ಸೀಟಲ್ಲೇ ಕೂತಿರ್ತಿದ್ದೆ. ಅವರು ಕೂಗೋದು ಕೇಳಿಸ್ತಿತ್ತು. ಆಮೇಲೆ ಒಂದೊಂದು ಮಗೂನೂ ಇಳಿಸಿ, ಅವರ ಮನೆ ಬಾಗಿಲು ತೆಗೆಯೋವರೆಗೂ ನೀನು ಬಸ್ಸು ಬಿಡ್ತಿರಲಿಲ್ಲ, ಅದೂ ಕಾಣಿಸ್ತಿತ್ತು. ಕೂಗಿದ ಹುಡುಗರ ಮನೆ ಮುಂದೇನೂ ಕಾಯ್ತಿದ್ದೆ."

"ಅದು ಕೆಲಸ ಕಣೇ."

"ಬೂಝರ್ ಅಂದ್ರೆ ನಂಗೆ ಅದೇ ಅರ್ಥ. ಇನ್ನೊಂದು ಮಾತು. ನಿನ್ನ ಹೆಸರು ಕೊಡು ಅಂತ ಯಾರು ಕೇಳಿದ್ರು? ಇಲ್ಲಿ ಇಡೋದು ತಾಯಿ ಹೆಸರು. ತಾಯಿ ನಾನು. ಇದು ನನ್ನ ಹೆಸರು."

ಓಡೆಲ್ ಅಂಗೈಯಿಂದ ಮುಖ ಉಜ್ಜಿಕೊಂಡ. "ಶಾಲೆಯಿಂದ ಅಳ್ತಾ ಬಂದ್ರೆ ಏನ್ಮಾಡ್ತೀಯ?"

"ನಿನ್ನ ಹತ್ರ ಕಳಿಸ್ತೀನಿ. ಹೆಂಗೆ ತಡ್ಕೊಳೋದು ಅಂತ ಹೇಳ್ಕೊಡು."

"ಅದು ನಂಗೇ ಬರಲ್ವಲ್ಲೇ."

ಸೊಳ್ಳೆಪರದೆಯ ಬಾಗಿಲ ಹಿಂದೆ ಯೂಲಾಲಿ ಸಿಹಿ ಚಹದ ಜಗ್ಗು ಹಿಡಿದು ನಿಂತಿದ್ದಳು. ಕದ್ದು ಕೇಳುವವಳಲ್ಲ ಎಂದು ಆಣೆ ಮಾಡುವವಳು, ಅಷ್ಟನ್ನೂ ಕೇಳಿಸಿಕೊಂಡಿದ್ದಳು.

"ಹುಡುಗಿ ಹೇಳೋದು ಸರಿ," ಎನ್ನುತ್ತ ಹೊರಬಂದಳು. "ನಂಗೂ ಅಪ್ಪ ಇದ್ದ. ಟಾಲಿವರ್ ಅಂತ ಮಗುಗೆ ಇಡ್ತೀನಿ ಅಂದಾಗ ಅವನ ಒಪ್ಪಿಗೆ ಯಾರು ಕೇಳಿದ್ರು? ಈ ವಿಷಯದಲ್ಲಿ ನನ್ನನ್ನೂ ಕೇಳೋ ಹಾಗಿಲ್ಲ, ನಿಮ್ಮನ್ನೂ ಕೇಳೋ ಹಾಗಿಲ್ಲ. ಇನ್ನು ಪಾದ್ರಿ ಮುಖ ಏನಾಗತ್ತೋ, ದೇವರೇ ಕಾಪಾಡ್ಬೇಕು."

ಓಡೆಲ್ ಚಹ ಕುಡಿದು ಮನೆಗೆ ಹೋದ.

ಹುಟ್ಟಿದ್ದು ಹೆಣ್ಣು. ಬೂಝರ್ ಮೇಹ್ಯೂ ಎಂಬ ಹೆಸರು ಕೇಳಿ ಪಾದ್ರಿ ಕೆಮ್ಮಿದ, ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು, ಕೊನೆಗೆ ನಗಲು ಬೇರೆ ವಿಷಯ ಸಿಕ್ಕಿ ಸುಮ್ಮನಾಯಿತು. ಓಡೆಲ್ ಮಾತ್ರ ಮೊಮ್ಮಗಳನ್ನು 'ಚಿನ್ನ', 'ಪುಟಾಣಿ' ಎನ್ನುತ್ತಿದ್ದನೇ ಹೊರತು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ರೋಂಡಾಗೆ ಅದು ನೋಯುತ್ತಿತ್ತು. ತಾನು ಹಟ ಸಾಧಿಸಿ ಅಪ್ಪನ ಗಾಯ ಕೆದಕಿದೆನೇ ಎಂದು ಎಷ್ಟೋ ಸಲ ಅನ್ನಿಸಿತ್ತು.

ಮಗುವಿಗೆ ನಾಲ್ಕು ತುಂಬಿದ ಬೇಸಿಗೆಯಲ್ಲಿ ಒಂದು ಸಂಜೆ ತಾತ, ಮೊಮ್ಮಗಳು ಹಿತ್ತಲಲ್ಲಿ ಮಿಂಚುಹುಳ ಹಿಡಿಯುತ್ತಿದ್ದರು. ರೋಂಡಾ ಅಡುಗೆಮನೆಯ ಕಿಟಕಿಯ ಬಳಿ ಬೆಂಡೆಕಾಯಿ ಕರಿಯುತ್ತಿದ್ದಳು. ಯೂಲಾಲಿ ಹಿಂಬಾಗಿಲಿಗೆ ಹೋಗಿ, ಬೀದಿಗೆಲ್ಲ ಕೇಳುವಂತೆ ಗಂಟಲು ಬಿಟ್ಟು ಕೂಗಿದಳು:

"ಬೂಝರ್! ಏ ಬೂಝರ್! ಊಟ ಆರ್ತಾ ಇದೆ, ಬೇಗ ಬಾ!"

ಓಡೆಲ್‌ನ ಭುಜ ತಟ್ಟನೆ ಕುಗ್ಗಿದ್ದು ರೋಂಡಾಗೆ ಕಂಡಿತು. ಕೂಗಿನ ಬೆನ್ನಿಗೇ ಬರಬೇಕಾಗಿದ್ದ ನಗುವಿಗಾಗಿ ಆತ ಕಾಯುತ್ತಿದ್ದ. ನಗು ಬರಲಿಲ್ಲ. ಪಕ್ಕದ ಮನೆಯವನು ಹುಲ್ಲಿಗೆ ನೀರು ಬಿಡುತ್ತ ತಲೆ ಕೂಡ ಎತ್ತಲಿಲ್ಲ.

ಮಗು ಅವನ ಪ್ಯಾಂಟು ಜಗ್ಗಿತು. "ತಾತ, ಅಜ್ಜಿ ಕರೆದಿದ್ದು ನನ್ನನ್ನಾ, ನಿನ್ನನ್ನಾ?"

ಓಡೆಲ್ ಮಗುವನ್ನು ನೋಡಿದ, ಬಾಗಿಲಲ್ಲಿ ಸೌಟು ಹಿಡಿದು ನಿಂತ ಬೀಗಿತ್ತಿಯನ್ನು ನೋಡಿದ. ಹುಟ್ಟಿದಾಗಿನಿಂದ ಆ ಹೆಸರು ಹಿಡಿದು ಅವನನ್ನು ಅಣಕಿಸಿದವರಿದ್ದರು, ಊಟಕ್ಕೆ ಕರೆದವರು ಯಾರೂ ಇರಲಿಲ್ಲ.

"ಇಬ್ಬರನ್ನೂ ಕಣೇ, ಬೂಝರ್," ಎಂದ. ಆಮೇಲೆ ತಾನೂ ಗಂಟಲು ಬಿಟ್ಟು ಕೂಗಿದ: "ಇಬ್ರೂ ಬಂದ್ವಿ, ಮಿಸ್ ಯೂಲಾಲಿ!"