ಆರನೇ ಪುಟದ ಮೂರು ಸಾಲು

"ಇವತ್ತೂ ಬರ್ಲಿಲ್ವಾ?"

ಆರ್ವಿಲ್ ಮಂಚದಿಂದಲೇ ಕೇಳಿದರು. ಮಗಳು ಆರ್ಡಿಸ್ ಅಂಚೆ ಪೆಟ್ಟಿಗೆಯಿಂದ ತಂದದ್ದನ್ನೆಲ್ಲ ಮೇಜಿನ ಮೇಲೆ ಹರಡಿದಳು. ಕರೆಂಟ್ ಬಿಲ್ಲು, ಟ್ರ್ಯಾಕ್ಟರ್ ಅಂಗಡಿಯ ಜಾಹೀರಾತು, ಎರಡೂ ಪಕ್ಷಗಳ ಬಣ್ಣಬಣ್ಣದ ಪ್ರಚಾರ ಪತ್ರಗಳು. ಅಂಚೆ ಮತಪತ್ರ ಮಾತ್ರ ಇರಲಿಲ್ಲ.

"ಮಂಗಳವಾರ ಚುನಾವಣೆ, ಇವತ್ತು ಶುಕ್ರವಾರ. ನಾನು ಸತ್ತ ಮೇಲೆ ಕಳಿಸ್ತಾರಂತಾ?"

"ಹಾಗೆಲ್ಲ ಮಾತಾಡ್ಬೇಡ ಅಪ್ಪಾ."

ಐವತ್ತೆಂಟು ವರ್ಷ ಒಂದು ಚುನಾವಣೆಯನ್ನೂ ಬಿಡದೆ, ಬೆಳಿಗ್ಗೆ ಏಳಕ್ಕೆ ಮತಗಟ್ಟೆಯಾಗುತ್ತಿದ್ದ ಅಗ್ನಿಶಾಮಕ ಠಾಣೆಯ ಮುಂದೆ ಮೊದಲಿಗರಾಗಿ ನಿಂತವರು ಆರ್ವಿಲ್. ಬೇಸಿಗೆಯಲ್ಲಿ ಶ್ವಾಸಕೋಶ ಕೈಕೊಟ್ಟ ಮೇಲೆ ಮೂಗಿಗೆ ನಳಿಕೆ, ಪಕ್ಕದಲ್ಲಿ ಗುಂಯ್‌ಗುಡುವ ಆಮ್ಲಜನಕದ ಯಂತ್ರ. ಮಂಚ ಬಿಟ್ಟು ಏಳಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಇದೇ ತನ್ನ ಕೊನೆಯ ವೋಟು ಎಂದು ಅವರು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ದುಃಖಕ್ಕಿಂತ ಜಂಬವೇ ಹೆಚ್ಚಿರುತ್ತಿತ್ತು.

ಆರ್ಡಿಸ್ ಅಡುಗೆಮನೆಗೆ ಹೋಗಿ ಚುನಾವಣಾ ಕಚೇರಿಗೆ ಫೋನು ಮಾಡಿದಳು. ಅಲ್ಲಿನ ಲವೋನ್ ಅವಳ ಶಾಲೆಯ ಗೆಳತಿ.

"ನಿಮ್ಮಪ್ಪನ ಅರ್ಜಿನೇ ಬಂದಿಲ್ಲ ಕಣೇ," ಎಂದಳು ಲವೋನ್. "ಅರ್ಜಿ ಬರದೆ ಮತಪತ್ರ ಹೇಗೆ ಕಳಿಸ್ಲಿ? ನಿನ್ನೆ ಐದು ಗಂಟೆಗೆ ಗಡುವೂ ಮುಗೀತು. ಬೆಳಿಗ್ಗೆಯಿಂದ ಹೀಗೇ ಮೂವತ್ತು ಜನ ಫೋನ್ ಮಾಡಿದ್ದಾರೆ. ಎಲ್ರದ್ದೂ ಆ ಒಂದೇ ಲಕೋಟೆ."

ಯಾವ ಲಕೋಟೆ ಎಂದು ಆರ್ಡಿಸ್ ಕೇಳಲಿಲ್ಲ. ಮರಳಿ ಬಂದು ಮಂಚದ ಅಂಚಿನಲ್ಲಿ ಕುಳಿತಳು.

"ಅಪ್ಪಾ, ಅರ್ಜಿ ಹಾಕಿದೀನಿ ಅಂದ್ಯಲ್ಲ, ಯಾವುದ್ರಲ್ಲಿ ಹಾಕ್ದೆ?"

"ನಮ್ಮ ಪಕ್ಷದೋರು ಅರ್ಜಿ ಫಾರಂ, ಲಕೋಟೆ ಎಲ್ಲ ಕಳ್ಸಿದ್ರಲ್ಲ, ಅದ್ರಲ್ಲೇ. ಲಕೋಟೆ ಮೇಲೆ ವಿಳಾಸಾನೂ ಅವ್ರೇ ಅಚ್ಚು ಹಾಕ್ಸಿದ್ರು. ನಾನು ಸಹಿ ಮಾಡಿ ಕಳ್ಸೋದೊಂದೇ ಬಾಕಿ ಇತ್ತು, ಕಳಿಸ್ದೆ. ಆ ಇನ್ನೊಂದು ಪಕ್ಷದ್ದು ಸೀದಾ ಒಲೆಗೆ! ಅವ್ರ ಬಂಡವಾಳ ನೀನೇ ಬಯಲು ಮಾಡಿದ್ಯಲ್ಲ, ಮುಖಪುಟದಲ್ಲಿ."

ಊರಿನ ವಾರಪತ್ರಿಕೆಗೆ ಆರ್ಡಿಸ್ಸೇ ಸಂಪಾದಕಿ. ಕಳೆದ ತಿಂಗಳು ಎದುರು ಪಕ್ಷದ ಪ್ರಚಾರ ಪತ್ರದಲ್ಲಿ ಅರ್ಜಿಯ ಕೊನೆಯ ದಿನಾಂಕ ತಪ್ಪಾಗಿತ್ತು. ಮತದಾರರಿಗೆ ಮೋಸ ಎಂದು ಹೆಬ್ಬೆರಳುದ್ದದ ಅಕ್ಷರಗಳಲ್ಲಿ ಮುಖಪುಟದಲ್ಲೇ ಹಾಕಿದ್ದಳು. ಮುಂದಿನ ವಾರ ಸ್ವಂತ ಪಕ್ಷದ ತಪ್ಪು ಸಿಕ್ಕಿತು. ಲಕೋಟೆಯ ಮೇಲಿದ್ದದ್ದು ತಮ್ಮೂರಿನದೇ ಹೆಸರಿನ ಇನ್ನೊಂದು ಊರಿನ, ಇನ್ನೂರು ಮೈಲಿ ಆಚೆಯ ಕಚೇರಿಯ ವಿಳಾಸ. ಪಾಪ, ಅಚ್ಚಿನ ತಪ್ಪು, ಬೇಕೆಂದು ಮಾಡಿದ್ದಲ್ಲ ಎಂದುಕೊಂಡು, ಆರನೇ ಪುಟದಲ್ಲಿ ಚರ್ಚಿನ ಮೀನೂಟದ ಪ್ರಕಟಣೆಗೂ ಕಳೆದುಹೋದ ನಾಯಿಯ ಜಾಹೀರಾತಿಗೂ ನಡುವೆ ಆ ಬಗ್ಗೆ ಮೂರು ಸಾಲು ತುರುಕಿದ್ದಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಭೂತಗನ್ನಡಿ ಹಿಡಿದರೂ ಅಪ್ಪನ ಕಣ್ಣಿಗೆ ಮುಖಪುಟದ ಆಚೆ ಏನೂ ನಿಲುಕದು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಹೇಳಿರಲಿಲ್ಲ. ಅಪ್ಪ ಅರ್ಜಿ ಹಾಕಿದ್ದೇನೆ ಅಂದಾಗ ಸರಿ ಅಂದು ಕೆಲಸಕ್ಕೆ ಓಡಿದ್ದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅಳುತ್ತಲೇ ಎಲ್ಲ ಹೇಳಿದಳು.

"ಮೂವತ್ತು ಜನಾನಾ?" ಎಂದರು ಆರ್ವಿಲ್ ಕೊನೆಗೆ.

"ಇನ್ನೂ ಜಾಸ್ತಿ ಇರ್ಬಹುದು."

"ಎಲ್ಲ ನಮ್ಮೋರೇ ಅಲ್ವಾ. ಬೇರೆಯೋರು ಆ ಲಕೋಟೆ ಯಾಕೆ ಮುಟ್ತಾರೆ."

"ಹೌದಪ್ಪಾ."

"ಆ ಪೇಪರ್ ಎಲ್ಲಿ? ತಗೊಂಡ್ಬಾ."

ಒಲೆಯ ಪಕ್ಕದ ರಾಶಿಯಿಂದ ಅವಳು ಹಳೆಯ ಸಂಚಿಕೆ ಹುಡುಕಿ ತಂದು ಆರನೇ ಪುಟ ತೆರೆದಳು. ಅಪ್ಪ ಬೈದರೆ ಸಾಕಿತ್ತು, ಆ ಪೇಪರನ್ನು ಮುಖಕ್ಕೆ ಎಸೆದರೂ ಸಾಕಿತ್ತು.

"ಓದು," ಎಂದರು ಅವರು.

ಆರ್ಡಿಸ್ ಓದಿದಳು. ಓದಿ ತಲೆ ಎತ್ತಿದಾಗ ಅಪ್ಪ ಇನ್ನೂ ಕಿವಿಗೊಟ್ಟು ಕಾಯುತ್ತಿದ್ದರು.

"ಅಷ್ಟೇನಾ?"

"ಅಷ್ಟೇ ಅಪ್ಪಾ."

ಅವರು ಕಣ್ಣು ಮುಚ್ಚಿಕೊಂಡರು. ಯಂತ್ರ ಗುಂಯ್‌ಗುಡುತ್ತಲೇ ಇತ್ತು.

"ಇನ್ನೊಂದ್ಸಲ ಓದಮ್ಮ, ನಿಧಾನಕ್ಕೆ."

ಅವಳು ಒಂದೊಂದೇ ಪದ ಬಿಡಿಸಿ ಮತ್ತೆ ಓದತೊಡಗಿದಳು. ಎಷ್ಟು ನಿಧಾನಿಸಿದರೂ ಅದು ಬೇಗನೆ ಮುಗಿದುಹೋಯಿತು.