ಡಬ್ಬಿಯಿಂದ ಆರಿಸಿದ ನಾಲ್ಕು

“ಐದು ಮ್ಯಾಗಜೀನು, ಐದೂ ಹೊಸದು. ಇಲ್ಲ ಅಂದ್ರೆ ತಂಡದ ಮಾತೇ ಎತ್ತಬೇಡಿ” ಎಂದು ಪಿಸ್ತೂಲ್ ಶೂಟಿಂಗ್ ಸಂಘದ ಕಾರ್ಯದರ್ಶಿ ಹೇಳಿದ್ದು ಎಲ್ಲರಿಗೂ, ನೋಡಿದ್ದು ಮಾತ್ರ ಮಿಷನ್ ಅಕ್ಕನ ಕಡೆಗೆ.

ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದವಳು ಅವಳು. ಮೂರು ವರ್ಷದ ಹಿಂದೆ ಸಂಘದ ಗುರಿಹಲಗೆ ಎಳೆಯುವ ಮೋಟಾರು ಕೆಟ್ಟಿದೆಯೆಂದು ಕರೆಸಿದ್ದರು. ಮೋಟಾರು ಸರಿಹೋಯಿತು. ಹೊರಡುವಾಗ ಯಾರೋ ತಮಾಷೆಗೆ ಅವಳ ಕೈಗೆ ಪಿಸ್ತೂಲು ಕೊಟ್ಟು, ಹೀಗೆ ಹಿಡಿ, ಹಾಗೆ ನಿಲ್ಲು ಎಂದು ತೋರಿಸಿದರು. ಹತ್ತು ಗುಂಡಿನಲ್ಲಿ ಒಂಬತ್ತು ಹಲಗೆಯ ನಡುವಿಗೇ ಹೋದವು. ದಿನವಿಡೀ ಸೂಜಿಯ ಕಣ್ಣಿಗೆ ದಾರ ಪೋಣಿಸುವ ಕೈ ಅಷ್ಟು ಸುಲಭವಾಗಿ ನಡುಗುವುದಿಲ್ಲ. ಅವತ್ತು ತಮಾಷೆ ಮಾಡಿದವರೆಲ್ಲ ಈಗ ಅಂಕಪಟ್ಟಿಯಲ್ಲಿ ಅವಳಿಗಿಂತ ಕೆಳಗಿದ್ದಾರೆ, ಕಾರ್ಯದರ್ಶಿಯ ಅಳಿಯನೊಬ್ಬನನ್ನು ಬಿಟ್ಟು. ಅವನೂ ಅವಳೂ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಮುಂದಿನ ಪಂದ್ಯಕ್ಕೆ ಹೋಗುವ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ.

ಆ ಜಾಗ ಅವಳಿಗೆ ಬೇಕಿತ್ತು. ಇಲ್ಲದ ವಿನಯ ತೋರಿಸಿ ಸುತ್ತಿ ಬಳಸಿ ಹೇಳುವುದೇಕೆ, ತುಂಬಾ ಬೇಕಿತ್ತು. ಹುಟ್ಟಿದಾಗಿನಿಂದ ಅವಳು ಸರಿಮಾಡಿದ್ದೆಲ್ಲ ಇನ್ನೊಬ್ಬರ ಮಿಷನ್ನು, ಅದರಲ್ಲಿ ಹೊಲಿದದ್ದೆಲ್ಲ ಇನ್ನೊಬ್ಬರ ಬಟ್ಟೆ. ಹೊಡೆದ ಗುಂಡು ಮಾತ್ರ ಅವಳದೇ.

ಈ ಆಟದಲ್ಲಿ ಒಂದೇ ಕಡೆ ನಿಂತು ಹೊಡೆಯುವುದಲ್ಲ. ಓಡಬೇಕು, ಬಾಗಬೇಕು, ನಿಲ್ಲಿಸಿದ ಕಬ್ಬಿಣದ ತಟ್ಟೆಗಳನ್ನೆಲ್ಲ ಬೀಳಿಸಬೇಕು, ಅದಕ್ಕೆ ಮೂವತ್ತಕ್ಕೂ ಹೆಚ್ಚು ಗುಂಡು ಬೇಕು, ಬೇಗ ಮುಗಿಸಿದವರದೇ ಗೆಲುವು. ಗುಂಡು ತುಂಬುವ ತಗಡಿನ ಉದ್ದ ಗೂಡು, ಅಂದರೆ ಮ್ಯಾಗಜೀನು, ಖಾಲಿಯಾದ ಕೂಡಲೇ ಪಿಸ್ತೂಲಿನ ಹಿಡಿಯಿಂದ ಅದನ್ನು ನೆಲಕ್ಕೆ ಬೀಳಿಸಿ, ಸೊಂಟದಿಂದ ಇನ್ನೊಂದನ್ನು ಎಳೆದು ತುರುಕಬೇಕು. ಒಂದು ಮ್ಯಾಗಜೀನಿಗೆ ಹತ್ತೇ ಗುಂಡು. ಗುರಿ ತಪ್ಪಿದರೆ, ಒಂದು ಸಿಕ್ಕಿಕೊಂಡರೆ ಬದಲಿಗೂ ಸೇರಿ ಐದಾದರೂ ಇಲ್ಲದಿದ್ದರೆ ಆಗುವುದಿಲ್ಲ. ಇಷ್ಟು ದಿನ ಸಂಘದ ಮ್ಯಾಗಜೀನುಗಳಿದ್ದವು. ಈ ವರ್ಷದಿಂದ ಅವರವರದು ಅವರೇ ತರಬೇಕಂತೆ. ಸೆಕೆಂಡ್ ಹ್ಯಾಂಡ್ ಕೊಂಡ ಅವಳ ಪಿಸ್ತೂಲಿನ ಜೊತೆ ಬಂದಿದ್ದದ್ದು ಒಂದು.

“ಐದು ಬೇಕು ಅನ್ನೋದು ಸರಿ ಸಾರ್” ಎಂದಳು ಅವಳು. “ಹೊಸದೇ ಆಗಬೇಕು ಅಂತ ರೂಲ್ ಪುಸ್ತಕದಲ್ಲಿ ಎಲ್ಲಿದೆ?”

ಕಾರ್ಯದರ್ಶಿ ಪುಸ್ತಕ ತೆರೆಯುವ ಗೋಜಿಗೆ ಹೋಗಲಿಲ್ಲ. “ನಿಮ್ಮಿಷ್ಟ ಅಮ್ಮ. ಭಾನುವಾರ ಆಯ್ಕೆ. ಗುಂಡು ಸಿಕ್ಕಿಕೊಂಡ್ರೆ ಇನ್ನೊಂದು ಸಲ ಹೊಡೆಯೋಕೆ ಬಿಡಲ್ಲ. ಯಾರಿಗೂ ಬಿಡಲ್ಲ. ಹೋಯ್ತು ಅಂದ್ರೆ ಹೋಯ್ತು.”

“ಆಯ್ತು” ಎಂದಳು.

ಮರುದಿನ ಬೆಳಿಗ್ಗೆ ಬಂದೂಕಿನ ಅಂಗಡಿಗೆ ಹೋದಳು. ಅಂಗಡಿಯವನು ಗಾಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ, ತಳಕ್ಕೆ ಕೆಂಪು, ನೀಲಿ ಲೋಹದ ಮುಚ್ಚಳ ಹಾಕಿದ ಹೊಸ ಮ್ಯಾಗಜೀನುಗಳನ್ನು ಒಡವೆ ಜೋಡಿಸಿದ ಹಾಗೆ ಜೋಡಿಸಿದ. ಅವಳು ಒಂದರ ಬೆಲೆ ಕೇಳಿದಳು. ಕೈಯಲ್ಲಿದ್ದ ದುಡ್ಡಿಗೆ ಸರಿಯಾಗಿ ಒಂದು ಬರುತ್ತಿತ್ತು.

“ಹಳೇವು ಇಟ್ಟಿರ್ತೀರಲ್ಲ, ಆ ಡಬ್ಬಿ ತೆಗೀರಿ.”

“ಅದು ಗುಜರಿಗೆ ಹಾಕೋ ಮಾಲು ಅಕ್ಕ.”

“ಗುಜರಿಯವನು ಬರೋದಕ್ಕೆ ಮುಂಚೆ ನಾನು ಬಂದೆ ಅಂದ್ಕೊಳ್ಳಿ.”

ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದು ಕೌಂಟರಿನ ಕೆಳಗಿನಿಂದ ಬಂತು. ಒಳಗೆ ಇಪ್ಪತ್ತಮೂರು. ಅವಳು ಕನ್ನಡಕ ಏರಿಸಿ, ಹೊಲಿಗೆ ಮಿಷನ್ನಿಗೆ ಬಾಬಿನ್ ಕೇಸ್ ಆರಿಸುವ ಹಾಗೆ ಒಂದೊಂದನ್ನೇ ಕೈಗೆ ತೆಗೆದುಕೊಂಡಳು. ಮೊದಲು ನೋಡಿದ್ದು ಬಾಯಿಯನ್ನು. ಮೇಲಿನ ಗುಂಡನ್ನು ಹಿಡಿದಿಡುವ ಎರಡು ಅಂಚುಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚಾದರೂ ಗುಂಡು ಹಾರಿ ಬರುತ್ತದೆ, ಕಡಿಮೆಯಾದರೆ ಬರುವುದೇ ಇಲ್ಲ. ಚೀಲದಲ್ಲಿದ್ದ ವರ್ನಿಯರ್ ಅಳತೆಪಟ್ಟಿ ಇಟ್ಟು ಅಳೆದಾಗ ಹನ್ನೊಂದು ಅಲ್ಲೇ ಹೊರಗೆ ಬಿದ್ದವು. ಅಂಚಿನ ಬುಡದಲ್ಲಿ ಬಿರುಕು ಕಂಡ ಮೂರನ್ನು ಅಂಗಡಿಯವನಿಗೇ ತೋರಿಸಿ, “ಇವನ್ನ ಯಾರಿಗೂ ಮಾರಬೇಡಿ, ಪಾಪ ಬರುತ್ತೆ” ಎಂದಳು. ಆಮೇಲೆ ಗುಂಡನ್ನು ಮೇಲಕ್ಕೆತ್ತುವ ಪ್ಲಾಸ್ಟಿಕ್ ಮಣೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಓರೆಯಾಗಿ ಎದ್ದವು ಹೊರಗೆ. ಕೊನೆಗೆ ತನ್ನ ಖಾಲಿ ಪಿಸ್ತೂಲನ್ನು ಅಂಗಡಿಯವನಿಗೆ ತೆರೆದು ತೋರಿಸಿ, ಉಳಿದವನ್ನು ಒಂದೊಂದಾಗಿ ಹಾಕಿ ಮ್ಯಾಗಜೀನು ಬಿಡಿಸುವ ಗುಂಡಿ ಒತ್ತಿದಳು. ತಡವರಿಸದೆ ಜಾರಿ ಬಿದ್ದವು ನಾಲ್ಕು.

“ಇವು ನಾಲ್ಕು. ಮತ್ತೆ ಐದು ಹೊಸ ಸ್ಪ್ರಿಂಗು, ಬರೀ ಸ್ಪ್ರಿಂಗು.”

“ಸ್ಪ್ರಿಂಗು ಯಾಕೆ?”

“ತಗಡಿಗೆ ವಯಸ್ಸಾಗಲ್ಲ. ಸ್ಪ್ರಿಂಗಿಗೆ ಆಗುತ್ತೆ. ನೀವು ಸ್ಪ್ರಿಂಗು ಸತ್ತಿದ್ದಕ್ಕೆ ಇಡೀ ಮ್ಯಾಗಜೀನಿಗೆ ತಿಥಿ ಮಾಡ್ತಾ ಇದ್ದೀರ.”

ಅಂಗಡಿಯವನು ನಕ್ಕ. ನಗು ಮುಗಿದ ಮೇಲೆ ಡಬ್ಬಿಯೊಳಗೆ ಬಗ್ಗಿ ನೋಡಿದ. ಹೊಸದೊಂದರ ಬೆಲೆಗೆ ನಾಲ್ಕು ಮ್ಯಾಗಜೀನು, ಐದು ಸ್ಪ್ರಿಂಗು ಚೀಲ ಸೇರಿದವು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದಳು. ಸೊಸೆಗೆ ಗುಂಡು ಹೊಡೆಯುವ ಹುಚ್ಚು ಹಿಡಿದಾಗ ನೆಂಟರೆಲ್ಲ ಮೂಗು ಮುರಿದಿದ್ದರು. ಆಗ ಅತ್ತೆ, “ಅವಳು ನಿಮ್ಮ ಮೇಲೆ ಹೊಡೀತಾ ಇಲ್ವಲ್ಲ, ಸುಮ್ನಿರಿ” ಎಂದಿದ್ದಳು. ಅಲ್ಲಿಂದೀಚೆಗೆ ತಾಲೀಮಿನ ನಕಲಿ ಗುಂಡುಗಳನ್ನು ಮ್ಯಾಗಜೀನಿಗೆ ತುಂಬುವುದು ಅವಳ ಕೆಲಸ. ಊಟದ ಮೇಜಿನ ಮುಂದೆ ಕೂತು, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಬೈಯುತ್ತಾ ತುಂಬುತ್ತಿದ್ದಳು.

“ಅಯ್ಯೋ, ಒಂದರ ಮುಖ ಒಂದರ ಹಾಗಿಲ್ವಲ್ಲೇ! ಎಲ್ಲಾ ಬೇರೆ ಬೇರೆ ಮನೆಯವು.”

“ನಾವಿಬ್ಬರೂ ಬೇರೆ ಬೇರೆ ಮನೆಯವರೇ ಅಲ್ವಾ ಅತ್ತೆ, ಒಂದೇ ಒಲೆ ಮುಂದೆ ನಿಂತಿಲ್ವಾ?”

“ನಿಂತಿದ್ದೀನಿ. ನಿನ್ನ ಬಾಯಿ ತಡ್ಕೊಂಡು ನಿಂತಿದ್ದೀನಿ” ಎಂದಳು ಅತ್ತೆ, ಸಂತೋಷದಿಂದಲೇ.

ಮಿಷನ್ ಅಕ್ಕ ಐದರ ತಳಕ್ಕೂ ಬಿಳಿ ಬಣ್ಣದಲ್ಲಿ ಒಂದರಿಂದ ಐದರವರೆಗೆ ನಂಬರು ಬರೆದಳು. ಯಾವುದು ತಂಟೆ ಮಾಡುತ್ತದೆ ಎಂದು ಗೊತ್ತಾಗಬೇಕಲ್ಲ. ಹೊಸ ಸ್ಪ್ರಿಂಗು ಕೂರಿಸಿದಳು. ಆಮೇಲೆ, ಅದು ಕೈ ತಾನಾಗಿಯೇ ಮಾಡಿದ ಕೆಲಸ, ಎಣ್ಣೆಯ ಡಬ್ಬಿ ತೆಗೆದು ಪ್ರತಿಯೊಂದರ ಒಳಗೂ ನಾಲ್ಕು ಹನಿ ಬಿಟ್ಟಳು. ಮಣೆ ಬೆಣ್ಣೆಯಂತೆ ಜಾರಿತು. ಅವಳು ಖುಷಿಯಾಗಿ ದೀಪ ಆರಿಸಿ ಮಲಗಿದಳು.

ಗುರುವಾರದ ತಾಲೀಮಿನಲ್ಲಿ ಮಾನ ಹೋಯಿತು. ಮೊದಲ ಸುತ್ತು ಹೂ ಎತ್ತಿದ ಹಾಗೆ. ಎರಡನೆಯ ಸುತ್ತಿನಲ್ಲಿ ಮೂರನೇ ನಂಬರು ಸಿಕ್ಕಿಕೊಂಡಿತು. ಗುಂಡು ಮೂತಿ ಕೆಳಗೆ ಮಾಡಿ ನಿಂತುಬಿಟ್ಟಿತು. ಮೂರನೆಯ ಸುತ್ತಿನಲ್ಲಿ ಒಂದನೇ ನಂಬರು, ನಾಲ್ಕನೆಯದರಲ್ಲಿ ಐದು. ಐದನೇ ನಂಬರು ಪಿಸ್ತೂಲಿನ ಜೊತೆಗೇ ಬಂದದ್ದು, ಹಿಂದೆ ಯಾವತ್ತೂ ಕೈಕೊಟ್ಟಿರಲಿಲ್ಲ. ಬೇಲಿಯಾಚೆ ನಿಂತು ನೋಡುತ್ತಿದ್ದ ಕಾರ್ಯದರ್ಶಿ ಅವಳ ಬಳಿ ಬಂದರು. ಮುಖದಲ್ಲಿ ಕರುಣೆ. ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ನೋಡಿ ಅಮ್ಮ, ಹೇಳಿದ್ದೆ. ಭಾನುವಾರಕ್ಕೆ ಬೇಕಾದ್ರೆ ನಮ್ಮ ಅಳಿಯನ ಹಳೇ ಸೆಟ್ ಕೊಡಿಸ್ತೀನಿ. ಸುಮ್ನೆ ಒಂದು ಮಾತು ಒಪ್ಕೊಳ್ಳಿ, ಈ ತಗಡುಗಳನ್ನ ನೆಚ್ಕೊಂಡಿದ್ದು ತಪ್ಪಾಯ್ತು ಅಂತ. ಅದರಲ್ಲೇನು ಅವಮಾನ?”

ಆಸೆಯಾಗಲಿಲ್ಲ ಎಂದರೆ ಸುಳ್ಳು. ಒಂದು ಕ್ಷಣ ನಾಲಿಗೆಯ ತುದಿಗೆ ‘ಹೂಂ’ ಬಂದಿತ್ತು. ಅದನ್ನು ನುಂಗಿಕೊಂಡಳು.

“ಏನು ಕೆಟ್ಟಿದೆ ಅಂತ ಗೊತ್ತಾಗೋವರೆಗೂ ನಾನು ಏನನ್ನೂ ಬಿಸಾಕಲ್ಲ ಸಾರ್. ನನ್ನ ಕಸುಬೇ ಅದು.”

“ಹಟ” ಎಂದರು ಅವರು.

“ಹಟಾನೇ.”

ಹಾಗೆಂದು ತಲೆಯೆತ್ತಿಕೊಂಡು ಬಂದವಳು ಮನೆಗೆ ಬಂದು ಕುರ್ಚಿಯಲ್ಲಿ ಕುಸಿದಳು. ತನ್ನ ಕಣ್ಣು, ತನ್ನ ಬೆರಳು ಮೋಸಮಾಡಿದವೆಂದರೆ ಅವಳ ಬಳಿ ಇನ್ನೇನೂ ಉಳಿಯುತ್ತಿರಲಿಲ್ಲ. ಅತ್ತೆ ಟೀ ತಂದಿಟ್ಟು ಎದುರಿಗೆ ಕೂತಳು. ಒಂದನೇ ನಂಬರನ್ನು ಕೈಗೆತ್ತಿಕೊಂಡು ಮಣೆಯನ್ನು ಒತ್ತಿದಳು. ಕೈಬಿಟ್ಟಾಗ ಮಣೆ ಮುದುಕರು ಮೆಟ್ಟಿಲು ಹತ್ತುವ ಹಾಗೆ ನಿಧಾನವಾಗಿ ಮೇಲೆ ಬಂತು. ಅತ್ತೆ ಹೆಬ್ಬೆರಳು ನೋಡಿಕೊಂಡಳು.

“ಥೂ, ಇದೇನೇ ಕರ್ರಗೆ, ಕಾಡಿಗೆ ಹಾಗೆ? ಮೊನ್ನೆ ನಾನು ತುಂಬುವಾಗ ಇರಲಿಲ್ಲ.”

ಮಿಷನ್ ಅಕ್ಕ ಆ ಬೆರಳನ್ನು ಹಿಡಿದು, ಕರಿಯನ್ನು ತನ್ನ ಬೆರಳುಗಳ ನಡುವೆ ಉಜ್ಜಿದಳು. ಎಣ್ಣೆ, ಒಳಗೆ ಮರಳು. ಸುತ್ತುಗಳನ್ನು ನೆನಪಿಸಿಕೊಂಡಳು. ನೆಲಕ್ಕೆ ಬೀಳದಿರುವಾಗ ಒಂದೂ ಸಿಕ್ಕಿಕೊಂಡಿರಲಿಲ್ಲ. ಸಿಕ್ಕಿಕೊಂಡ ಮೂರೂ ಅದಕ್ಕೆ ಮುಂಚೆ ಮರಳಿನಲ್ಲಿ ಬಿದ್ದು ಎದ್ದವು. ಹೊಲಿಗೆ ಮಿಷನ್ ಮೇಜಿನ ಮೇಲೆ ಕೂತಿರುತ್ತದೆ, ಅದಕ್ಕೆ ಎಣ್ಣೆಯೇ ಜೀವ. ಮ್ಯಾಗಜೀನು ಮಣ್ಣಿಗೆ ಬೀಳುವುದಕ್ಕೆಂದೇ ಇರುವುದು. ಒಳಗೆ ಎಣ್ಣೆಯಿದ್ದರೆ ಬಿದ್ದ ಕಡೆಯ ಧೂಳನ್ನೆಲ್ಲ ಅಂಟಿಸಿಕೊಂಡು ಬರುತ್ತದೆ. ಇಪ್ಪತ್ತೆರಡು ವರ್ಷದ ಅಭ್ಯಾಸ ಅವಳು ಮುಗ್ಗರಿಸುವಂತೆ ಮಾಡಿತ್ತು.

“ಆರಿಸಿದ್ದು ಸರಿಯಾಗಿಯೇ ಇತ್ತು ಅತ್ತೆ! ಆಮೇಲೆ ನಾನೇ ಕೆಡಿಸಿದೆ!”

“ಇಷ್ಟು ಖುಷಿಯಾಗಿ ತಪ್ಪು ಒಪ್ಪಿಕೊಳ್ಳೋರನ್ನ ನಾನು ನೋಡಿಲ್ಲಮ್ಮ” ಎಂದಳು ಅತ್ತೆ.

ಐದನ್ನೂ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಒಣ ಬಟ್ಟೆಯಲ್ಲಿ ಒರೆಸಿದರು. ಒಂದು ಹನಿ ಎಣ್ಣೆಯೂ ಇಲ್ಲ. ಎಣ್ಣೆಯ ಡಬ್ಬಿಯನ್ನು ಅತ್ತೆ ಸೀರೆಗಳ ನಡುವೆ ಬಚ್ಚಿಟ್ಟಳು. ಶುಕ್ರವಾರ ಹಿತ್ತಿಲಲ್ಲಿ ಇಬ್ಬರೂ ಸೇರಿ ಮ್ಯಾಗಜೀನುಗಳನ್ನು ಮಣ್ಣಿಗೆ ಬೀಳಿಸಿ, ಕೊಡವಿ, ನಕಲಿ ಗುಂಡು ತುಂಬಿ, ಖಾಲಿ ಮಾಡಿ, ಮತ್ತೆ ಬೀಳಿಸಿದರು. ಒಂದೊಂದಕ್ಕೆ ಇಪ್ಪತ್ತು ಸಲ. ಒಂದೂ ಮುನಿಸಿಕೊಳ್ಳಲಿಲ್ಲ.

ಭಾನುವಾರ ಗಾಳಿ ಎದ್ದಿತ್ತು, ಮೈದಾನದ ಮರಳೆಲ್ಲ ಕಣ್ಣಿಗೆ. ಮೂರು ಸುತ್ತು. ಮೊದಲೆರಡು ಮುಗಿದಾಗ ಅಳಿಯ ಅವಳಿಗಿಂತ ಒಂದು ಸೆಕೆಂಡು ಮುಂದಿದ್ದ. ಪ್ರತಿ ಸುತ್ತಿನ ನಂತರ ಅವಳು ಬಿದ್ದ ಮ್ಯಾಗಜೀನುಗಳನ್ನು ಹೆಕ್ಕಿ, ಮಿಷನ್ನಿನ ದಾರದ ಕಸ ತೆಗೆಯುವ ಸಣ್ಣ ಬ್ರಷ್ಷಿನಿಂದ ಒಳಗೆಲ್ಲ ಗುಡಿಸುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಅಳಿಯ ಕೆಂಪು ತಳದ ಹೊಸ ಮ್ಯಾಗಜೀನುಗಳಿಗೆ ಗುಂಡು ತುಂಬುತ್ತಿದ್ದ. ಅವನ ಹೆಬ್ಬೆರಳು ಕರ್ರಗಿತ್ತು. ಅವಳ ಕೈ ನಿಂತಿತು. ಹೊಸ ಸಾಮಾನು ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರು ಎಣ್ಣೆ ಬಳಿದೇ ಕಳಿಸುತ್ತಾರೆ. ಇವನು ಅದನ್ನು ಬಿಚ್ಚಿಯೇ ನೋಡಿಲ್ಲ.

ಸುಮ್ಮನಿದ್ದರೆ ಜಾಗ ಅವಳ ಮಡಿಲಿಗೆ ಬಂದು ಬೀಳುತ್ತಿತ್ತು. ಹಾಗೆ ಬಿದ್ದದ್ದು ಅವಳಿಗೆ ಬೇಡವಾಗಿತ್ತು.

“ಒಳಗೆ ಎಣ್ಣೆ ಇದೆ, ಮರಳು ಹಿಡೀತಾ ಇದೆ” ಎಂದು ಬ್ರಷ್ಷು, ಬಟ್ಟೆ ಎರಡನ್ನೂ ಚಾಚಿದಳು. “ಬಿಚ್ಚಿ ಒರೆಸ್ಕೊಳ್ಳಿ. ಐದು ನಿಮಿಷದ ಕೆಲಸ.”

ಅವನು ಕೈ ಚಾಚುವಷ್ಟರಲ್ಲಿ ಮಾವ ಹಿಂದಿನಿಂದ, “ನಮ್ಮದು ಹೊಸದು ಅಮ್ಮ. ನಿಮ್ಮದನ್ನ ನೀವು ನೋಡ್ಕೊಳ್ಳಿ” ಎಂದರು. ಅಳಿಯನ ಕೈ ಹಿಂದಕ್ಕೆ ಹೋಯಿತು.

ಕೊನೆಯ ಸುತ್ತು ಅವಳದು ಮೊದಲು. ಪೀಪಿ ಕೂಗಿತು. ಅವಳು ಓಡಿದಳು, ಖಾಲಿಯಾದ ಒಂದನೇ ನಂಬರು ಬಿತ್ತು, ಎರಡು ಬಿತ್ತು, ಮೂರು ಬಿತ್ತು. ನಾಲ್ಕನೇ ನಂಬರು ತುರುಕಿ ಕೊನೆಯ ಎರಡು ತಟ್ಟೆಗಳನ್ನು ಬೀಳಿಸಿದಾಗ ಉಸಿರು ಬಿಡುವುದು ಅವಳಿಗೆ ನೆನಪಾಯಿತು. ಬೇಲಿಯಾಚೆ ಅತ್ತೆ ಜೋರಾಗಿ ಚಪ್ಪಾಳೆ ತಟ್ಟಿದಳು. ಯಾರೋ “ಶ್ಶ್” ಎಂದರು. ಇನ್ನೂ ಜೋರಾಗಿ ತಟ್ಟಿದಳು.

ಅಳಿಯ ಅವಳಿಗಿಂತ ವೇಗವಾಗಿ ಹೊರಟ. ಎರಡನೆಯ ಮ್ಯಾಗಜೀನಿನ ನಡುವೆ ಪಿಸ್ತೂಲು ಬಾಯಿ ಕಚ್ಚಿಕೊಂಡಿತು. ಬಡಿದ, ಎಳೆದ, ಬೇರೆಯದು ಹಾಕಿದ, ಅದೂ ಸಿಕ್ಕಿಕೊಂಡಿತು. ಮುಗಿಸುವಾಗ ಅವಳಿಗಿಂತ ಹದಿಮೂರು ಸೆಕೆಂಡು ಹೆಚ್ಚು ಹೋಗಿತ್ತು.

“ಸಾಮಾನಿನ ದೋಷ” ಎಂದರು ಕಾರ್ಯದರ್ಶಿ, ಯಾರ ಮುಖವನ್ನೂ ನೋಡದೆ. “ಇನ್ನೊಂದು ಸಲ ಹೊಡೀಲಿ.”

“ಯಾರಿಗೂ ಬಿಡಲ್ಲ ಅಂದಿದ್ರಿ ಸಾರ್” ಎಂದಳು ಮಿಷನ್ ಅಕ್ಕ. ದನಿ ಏರಿಸಲಿಲ್ಲ. “ನನ್ನ ಮುಖ ನೋಡ್ಕೊಂಡೇ ಅಂದಿದ್ರಿ.”

ಎಲ್ಲರೂ ಕೇಳಿಸಿಕೊಂಡಿದ್ದವರೇ. ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದು ಅವಳ ಹೆಸರು ಬರೆದರು. ಬರೆದ ಮೇಲೂ ಮನಸ್ಸು ತಡೆಯಲಿಲ್ಲ.

“ಸರಿ ಅಮ್ಮ, ತಂಡದಲ್ಲಿದ್ದೀರ. ಆದ್ರೆ ಪಂದ್ಯಕ್ಕೆ ಈ ಡಬ್ಬಿ ಸಾಮಾನು ತರಬೇಡಿ. ನಾಲ್ಕು ಜನ ನೋಡ್ತಾರೆ, ಸಂಘದ ಮರ್ಯಾದೆ ಪ್ರಶ್ನೆ.”

ಅವಳು ಸೊಂಟದ ಪಟ್ಟಿಯಿಂದ, ಚೀಲದಿಂದ ಐದನ್ನೂ ತೆಗೆದು ಅವರ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದಕ್ಕೆ ಬಣ್ಣ ಹೋಗಿತ್ತು, ಒಂದರ ಮೈಗೆ ಗೀರು ಬಿದ್ದಿತ್ತು, ಎಲ್ಲದಕ್ಕೂ ಮರಳು ಮೆತ್ತಿತ್ತು. ಬಿಳಿ ನಂಬರುಗಳು ಮಾತ್ರ ಸ್ಪಷ್ಟವಾಗಿದ್ದವು.

“ಇವೇ ಬರ್ತವೆ. ನಾಲ್ಕು ಜನ ನೋಡ್ಲಿ ಅಂತಲೇ ತರ್ತೀನಿ. ಇವು ಬೇಡ ಅಂದ್ರೆ ಈಗಲೇ ನನ್ನ ಹೆಸರು ಹೊಡೆದುಹಾಕಿ, ಯಾಕೆ ಹೊಡೆದೆ ಅಂತ ಪಕ್ಕದಲ್ಲೇ ಬರೆದು ಸಹಿ ಮಾಡಿ.”

ಕಾರ್ಯದರ್ಶಿ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸೇರಿಸಿದರು. ಅವಳು ಐದನ್ನೂ ಎತ್ತಿಕೊಂಡು ಬೆಂಚಿಗೆ ಹೋಗಿ ಬ್ರಷ್ಷು ಹಿಡಿದಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಅಳಿಯ ಬಂದು ನಿಂತ. ಕೈಯಲ್ಲಿ ಅವನ ಐದು. ಮಾವ ನೋಡುತ್ತಿದ್ದಾರೆಂದು ಗೊತ್ತಿದ್ದೂ ಅವನು ಕೂತ.

“ಅಕ್ಕಾ, ಇದನ್ನ ಬಿಚ್ಚೋದು ಹೇಗೆ?”

ಅವಳು ಚೀಲದಿಂದ ಬಿಳಿ ಬಣ್ಣದ ಸೀಸೆ ತೆಗೆದು ಅವನ ಮುಂದಿಟ್ಟಳು.

“ಹೇಳ್ತೀನಿ. ಮೊದಲು ನಂಬರ್ ಬರೀರಿ.”